ಕಡಲಿಗೆ ನಿಯಮ ಬರೆಯೋರು ಯಾರು?

ಜೂನ್ ಬಂತು ಅಂದ್ರೆ ಬೆಂಗಳೂರಿನ ಮೀನೂಟದ ಹೋಟೆಲ್‌ಗಳಲ್ಲಿ ಬಂಗುಡೆ ಫ್ರೈ ರೇಟು ಏರುತ್ತೆ. ಅಂಜಲ್ ಇದೆಯಾ ಅಂತ ಕೇಳಿದ್ರೆ ಸಪ್ಲೈಯರ್ ತಲೆ ಅಲ್ಲಾಡಿಸ್ತಾನೆ. "ರಜೆ ಅಲ್ವಾ ಸಾರ್, ಬೋಟ್ ಹೋಗ್ತಿಲ್ಲ" ಅನ್ನೋದು ಸಿದ್ಧ ಉತ್ತರ. ಮೀನಿಗೂ ಸೆಮಿಸ್ಟರ್ ರಜೆ ಇದೆಯಾ ಅಂತ ನಮ್ಮ ಹಾಸ್ಟೆಲ್‌ನಲ್ಲಿ ಜೋಕು ಮಾಡೋರಿದ್ದಾರೆ. ಆದರೆ ಈ ರಜೆಯ ಹಿಂದೆ ಇರೋ ಪ್ರಶ್ನೆ ಮಾತ್ರ ಗಂಭೀರವಾದದ್ದು. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ರಜೆ ಅಂದ್ರೆ ಮಳೆಗಾಲದ ಮೀನುಗಾರಿಕೆ ನಿಷೇಧ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಉಳಿದಂತೆ ಮಂಗಳೂರಿನ ಧಕ್ಕೆ, ಮಲ್ಪೆ, ಗಂಗೊಳ್ಳಿ, ಭಟ್ಕಳ, ತದಡಿ, ಕಾರವಾರ, ಎಲ್ಲಿಗೇ ಹೋಗಿ, ಬೋಟ್‌ಗಳು ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಬಲೆ ರಿಪೇರಿ, ಎಂಜಿನ್ ರಿಪೇರಿ, ಬಣ್ಣ ಹೊಡೆಯೋದು ಎಲ್ಲ ಆಗ ನಡೆಯುತ್ತೆ. ಸಾಲ ಮಾಡಿ ಬೋಟ್ ಇಟ್ಟವರಿಗೆ ಈ ಎರಡು ತಿಂಗಳು ಸುಲಭದ್ದಲ್ಲ. ಆದರೂ ಒಟ್ಟಾರೆ ಈ ನಿಯಮ ನಡೆಯುತ್ತೆ.

ಈಗ ಇನ್ನೊಂದು ನಿಯಮ ನೋಡಿ. ರಾತ್ರಿ ಹೊತ್ತು ಕಡಲಿನ ಮಧ್ಯೆ ಜನರೇಟರ್ ಇಟ್ಟು, ಪ್ರಖರ ಎಲ್‌ಇಡಿ ದೀಪ ಹಾಕಿ, ಬೆಳಕಿಗೆ ಸೇರಿದ ಮೀನನ್ನೆಲ್ಲ, ಮರಿಯೂ ಬಿಡದೆ ಬಾಚಿಕೊಳ್ಳೋದಕ್ಕೆ ಲೈಟ್ ಫಿಶಿಂಗ್ ಅಂತಾರೆ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ಇದನ್ನು ನಿಷೇಧಿಸಿದೆ. ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್‌ಗೂ ನಿಷೇಧ ಇದೆ. ಆದರೆ ನಾಡದೋಣಿಯವರು ಇವತ್ತಿಗೂ ಇವೆರಡನ್ನು ನಿಲ್ಲಿಸಿ ಅಂತ ಧರಣಿ ಕೂರ್ತಾರೆ, ಮನವಿ ಕೊಡ್ತಾರೆ, ಒಮ್ಮೊಮ್ಮೆ ಕಡಲಲ್ಲೇ ಜಗಳ ಆಗುತ್ತೆ.

ಒಂದೇ ಕಡಲು, ಒಂದೇ ಜನ, ಒಂದೇ ಇಲಾಖೆ. ಒಂದು ನಿಯಮ ನಡೆಯುತ್ತೆ, ಇನ್ನೊಂದು ನಡೆಯೋದಿಲ್ಲ. ಯಾಕೆ?

ಕಣ್ಣಿಗೆ ಕಾಣೋ ನಿಯಮ, ಕಾಣದ ನಿಯಮ

ಮಳೆಗಾಲದ ರಜೆ ನಡೆಯೋಕೆ ಮೂರು ಕಾರಣ ಅಂತ ನನಗೆ ಅನ್ನಿಸುತ್ತೆ. ಮೊದಲನೆಯದು, ಅದು ಯಾರೋ ಆಫೀಸಿನಲ್ಲಿ ಕೂತು ಹೊಸದಾಗಿ ಕಂಡುಹಿಡಿದ ವಿಷಯ ಅಲ್ಲ. ಆಷಾಢದ ಕಡಲಿಗೆ ಇಳಿಯಬಾರದು ಅನ್ನೋದು ಕರಾವಳಿಯವರು ಕಾಯ್ದೆ ಬರೋಕೆ ಮುಂಚೆಯೇ ಪಾಲಿಸುತ್ತಿದ್ದ ಪದ್ಧತಿ. ನೂಲು ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ, ಹಾಲೆರೆದು ಮತ್ತೆ ಕಡಲಿಗೆ ಹೋಗುವ ಕ್ರಮ ಇಂದಿಗೂ ಇದೆ. ಸರ್ಕಾರದ ಆದೇಶ ಬಂದಾಗ ಅದು ಇದ್ದ ನಂಬಿಕೆಯ ಮೇಲೆ ಹೋಗಿ ಕೂತಿತು.

ಎರಡನೆಯದು, ಯಾರು ಮುರಿದರು ಅಂತ ಎಲ್ಲರಿಗೂ ಕಾಣುತ್ತೆ. ಬಂದರಿನಿಂದ ಒಂದು ಬೋಟ್ ಹೊರಟರೆ ಪಕ್ಕದ ಬೋಟಿನವನಿಗೆ ಗೊತ್ತಾಗದೆ ಇರೋಕೆ ಸಾಧ್ಯವಾ? ಇನ್‌ಸ್ಪೆಕ್ಟರ್ ಬೇಕಿಲ್ಲ, ಸ್ಯಾಟಲೈಟ್ ಬೇಕಿಲ್ಲ. ಮೂರನೆಯದು, ಎಲ್ಲರೂ ನಿಲ್ಲಿಸಿದ್ದಾರೆ ಅನ್ನೋ ಭರವಸೆ ಇದೆ. ನಾನೊಬ್ಬ ನಿಂತು ಉಳಿದವರು ಹಿಡಿದುಬಿಟ್ಟರೆ ಅನ್ನೋ ಭಯ ಕಡಿಮೆ.

ಬಲೆಯ ಕಣ್ಣಿನ ಅಳತೆ ನೋಡಿ, ಎಲ್ಲ ಉಲ್ಟಾ. ಟ್ರಾಲ್ ಬಲೆಯ ಕೊನೆಯ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಇರಬೇಕು, ಮರಿಮೀನು ತಪ್ಪಿಸಿಕೊಳ್ಳಬೇಕು ಅನ್ನೋದು ವಿಜ್ಞಾನಿಗಳ ಶಿಫಾರಸು. ಆದರೆ ದಡದಿಂದ ಅಷ್ಟು ದೂರದಲ್ಲಿ ನೀರಿನೊಳಗೆ ಯಾರು ಯಾವ ಬಲೆ ಬಿಟ್ಟಿದ್ದಾರೆ ಅಂತ ನೋಡೋರು ಯಾರು? ನಾನು ದೊಡ್ಡ ಕಣ್ಣಿನ ಬಲೆ ಹಾಕಿದ್ರೆ ನಾನು ಬಿಟ್ಟ ಮರಿ ಪಕ್ಕದವನ ಬಲೆಗೆ ಬೀಳುತ್ತೆ. ಹೀಗೆ ಯೋಚಿಸೋನು ಕೆಟ್ಟವನಲ್ಲ. ಅವನ ಜಾಗದಲ್ಲಿ ನಾವಿದ್ರೂ ಹಾಗೇ ಯೋಚಿಸ್ತಿದ್ವಿ.

ನನ್ನ ವಾದ ಇಷ್ಟೇ: ನಿಯಮ ಯಾರಿಗೆ ಅನ್ವಯಿಸುತ್ತೋ ಅವರು ಅದನ್ನು ಮಾಡೋದರಲ್ಲಿ, ಕಾಯೋದರಲ್ಲಿ ಪಾಲುದಾರರಾಗಿದ್ದರೆ ಅದು ನಡೆಯುತ್ತೆ. ಮೇಲಿಂದ ಇಳಿದ ನಿಯಮ ಕಾಗದದಲ್ಲಿ ಎಷ್ಟೇ ಸರಿ ಇದ್ದರೂ ನೀರಿನಲ್ಲಿ ಕರಗಿಹೋಗುತ್ತೆ. ಆದ್ದರಿಂದ ದಡದ ಹತ್ತಿರದ ಕಡಲು ಮತ್ತು ಅಳಿವೆಗಳ ವಿಷಯದಲ್ಲಿ ನಿಯಮ ಮಾಡುವ ನಿಜವಾದ ಅಧಿಕಾರವನ್ನು ಅಲ್ಲಿನ ಮೀನುಗಾರ ಸಮುದಾಯಗಳಿಗೆ ಕಾನೂನಿನ ಮೂಲಕವೇ ಕೊಡಬೇಕು. ಅಭಿಪ್ರಾಯ ಕೇಳೋದು, ಸಭೆ ಕರೆದು ಸಹಿ ಹಾಕಿಸಿಕೊಳ್ಳೋದು ಸಾಲದು.

ಹಾರ್ಡಿನ್ ಹೇಳಿದ್ದು, ಆಸ್ಟ್ರಮ್ ಕಂಡಿದ್ದು

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ವಿಜ್ಞಾನಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಎಲ್ಲರದ್ದೂ ಆದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ಹಸು ಬಿಡ್ತಾನೆ, ಕೊನೆಗೆ ಹುಲ್ಲೇ ಉಳಿಯೋದಿಲ್ಲ ಅನ್ನೋದು ಅದರ ಸಾರ. ಇದನ್ನು ಓದಿದವರು ಎರಡೇ ದಾರಿ ಕಂಡರು. ಒಂದೋ ಸರ್ಕಾರ ಹಿಡಿತಕ್ಕೆ ತಗೋಬೇಕು, ಇಲ್ಲಾ ಖಾಸಗಿಯವರಿಗೆ ಹಂಚಬೇಕು.

ಎಲಿನೋರ್ ಆಸ್ಟ್ರಮ್ ಮಾತ್ರ ಊರೂರಿಗೆ ಹೋದರೆ ಏನು ಕಾಣುತ್ತೆ ಅಂತ ನೋಡಿದರು. 1990ರಲ್ಲಿ ಬಂದ ಅವರ ಪುಸ್ತಕದಲ್ಲಿ ಕೆರೆ, ಕಾಲುವೆ, ಕಾಡು, ಮೀನುಗಾರಿಕೆ ಇವುಗಳನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಿದ ಉದಾಹರಣೆಗಳಿವೆ, ಸೋತ ಉದಾಹರಣೆಗಳೂ ಇವೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಅವರು ಹೇಳೋ ಒಂದು ಉದಾಹರಣೆ ನಮ್ಮ ಸಿಎಸ್ ಗೆಳೆಯರಿಗೆ ಖುಷಿ ಕೊಡುತ್ತೆ. ಟರ್ಕಿಯ ಅಲಾನ್ಯ ಅನ್ನೋ ಊರಲ್ಲಿ ಸುಮಾರು 100 ಮೀನುಗಾರರು. ಒಳ್ಳೆಯ ಜಾಗಕ್ಕೆ ದಿನಾ ಜಗಳ. 1970ರ ದಶಕದಲ್ಲಿ ಅವರೇ ಒಂದು ಉಪಾಯ ಮಾಡಿದರು. ಬಲೆ ಹಾಕುವ ಜಾಗಗಳ ಪಟ್ಟಿ ಮಾಡಿ, ಒಂದರ ಬಲೆ ಇನ್ನೊಂದಕ್ಕೆ ಅಡ್ಡ ಬರದಷ್ಟು ಅಂತರ ಇಟ್ಟರು. ಸೆಪ್ಟೆಂಬರ್‌ನಲ್ಲಿ ಚೀಟಿ ಎತ್ತಿ ಯಾರಿಗೆ ಯಾವ ಜಾಗ ಅಂತ ತೀರ್ಮಾನ. ಆಮೇಲೆ ಪ್ರತಿ ದಿನ ಪ್ರತಿಯೊಬ್ಬನೂ ಪೂರ್ವದ ಮುಂದಿನ ಜಾಗಕ್ಕೆ ಸರೀಬೇಕು. ಜನವರಿ ನಂತರ ಮೀನು ವಲಸೆ ಹೋಗುವ ದಿಕ್ಕು ಬದಲಾಗುತ್ತೆ, ಆಗ ಇವರೂ ಪಶ್ಚಿಮಕ್ಕೆ ಸರೀತಾರೆ. ನಾವು ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ಓದೋ ರೌಂಡ್ ರಾಬಿನ್ ಷೆಡ್ಯೂಲಿಂಗ್ ಇದೇ ಅಲ್ವಾ? ಮೋಸ ಮಾಡಿದ್ರೆ ಯಾರು ಹಿಡೀತಾರೆ ಅಂದ್ರೆ, ಆ ದಿನ ಆ ಜಾಗ ಯಾರ ಪಾಲಿಗೆ ಬಂದಿದೆಯೋ ಅವನೇ. ಕಾವಲಿಗೆ ಬೇರೆ ಖರ್ಚೇ ಇಲ್ಲ.

ಇಂಥದ್ದು ನಮ್ಮ ಕಡೆಯೂ ಇದೆ. ಆಂಧ್ರ-ತಮಿಳುನಾಡು ಗಡಿಯ ಪುಲಿಕಾಟ್ ಸರೋವರದಲ್ಲಿ 'ಪಾಡು' ಅನ್ನೋ ಪದ್ಧತಿ ಇದೆ. ಅಲ್ಲೂ ಚೀಟಿ, ಅಲ್ಲೂ ಸರದಿ. ಕಾಸರಗೋಡಿನ ಕಡಲತೀರದಲ್ಲಿ 'ಕಡಕ್ಕೋಡಿ' ಅಂತ, ಅಂದ್ರೆ ಕಡಲ ಕೋರ್ಟು. ದೇವಸ್ಥಾನಕ್ಕೆ ಸೇರಿಕೊಂಡಿರುವ ಈ ನ್ಯಾಯಸಭೆ ಮೀನುಗಾರಿಕೆಯ ಜಗಳಗಳನ್ನು ತೀರ್ಮಾನಿಸುತ್ತಿತ್ತು. ನಮ್ಮ ಮೊಗವೀರರ ಊರುಗಳಲ್ಲೂ ಗುರಿಕಾರರು, ಗ್ರಾಮಸಭೆಗಳು ಇವೆ. ಅಂದ್ರೆ ಸಮುದಾಯವೇ ಕಡಲನ್ನು ನೋಡಿಕೊಳ್ಳೋದು ಹೊರಗಿನಿಂದ ಬಂದ ಹೊಸ ಐಡಿಯಾ ಅಲ್ಲ.

ರಂಪಣಿ ಹೋದ ಕಥೆ

ಹಾಗಾದ್ರೆ ನಮ್ಮಲ್ಲಿ ಆ ವ್ಯವಸ್ಥೆ ಎಲ್ಲಿ ಹೋಯ್ತು? ಉತ್ತರದ ಒಂದು ಭಾಗ ರಂಪಣಿಯ ಕಥೆಯಲ್ಲಿದೆ.

ರಂಪಣಿ ಅಂದ್ರೆ ದಡದಿಂದ ಎಳೆಯುವ ಭಾರಿ ಬಲೆ. ಬಂಗುಡೆ, ಬೂತಾಯಿ ಗುಂಪುಗುಂಪಾಗಿ ದಡದ ಹತ್ತಿರ ಬಂದಾಗ ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಆಕಾರದಲ್ಲಿ ಬಲೆ ಬಿಡುತ್ತಿದ್ದರು. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯೋದು. ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಬಲೆಯ ಒಡೆತನ ಹಂಚಿಕೊಂಡಿದ್ದು, ಮೀನಿನ ಪಾಲೂ ಹಂಚಿಕೊಂಡಿದ್ದು. ಬಂಡವಾಳ ಹಾಕಿದವನಿಗೆ ಇಷ್ಟು, ದೋಣಿಗೆ ಇಷ್ಟು, ಎಳೆದವನಿಗೆ ಇಷ್ಟು ಅಂತ ಲೆಕ್ಕ ಇತ್ತು. ಎಲ್ಲರಿಗೂ ಸಮ ಪಾಲು ಸಿಗ್ತಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ಮೀನು ದಡಕ್ಕೆ ಬಂದಾಗ ಊರಿನ ಬಹುತೇಕ ಮನೆಗಳಿಗೆ ಏನಾದರೂ ಸೇರುತ್ತಿತ್ತು.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟ್‌ಗಳು ಬಂದವು. ಮೀನು ದಡಕ್ಕೆ ಬರೋವರೆಗೆ ಕಾಯೋದು ಯಾಕೆ, ನಾವೇ ಹೋಗಿ ಗುಂಪನ್ನು ಸುತ್ತುಹಾಕಿ ಹಿಡಿಯೋಣ ಅನ್ನೋದು ಅದರ ಲೆಕ್ಕಾಚಾರ. ತಂತ್ರಜ್ಞಾನವಾಗಿ ನೋಡಿದ್ರೆ ಅದ್ಭುತ. ಹಿಡಿಯೋದು ಒಮ್ಮೆಲೇ ಜಾಸ್ತಿಯಾಯ್ತು. ಆದರೆ ರಂಪಣಿಯವರು ದಡದಲ್ಲಿ ಕಾಯ್ತಾ ನಿಂತರು, ಮೀನು ದಡಕ್ಕೆ ಬರಲೇ ಇಲ್ಲ. ಪ್ರತಿಭಟನೆ, ಘರ್ಷಣೆ ಎಲ್ಲ ಆಯ್ತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಹೆಚ್ಚುಕಡಿಮೆ ಮಾಯವಾಯ್ತು. ಈಗ ಅಲ್ಲಲ್ಲಿ ಉಳಿದಿರೋದು ಅದರ ಚಿಕ್ಕ ರೂಪ ಕೈರಂಪಣಿ. ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದಿದ್ದು 1986ರಲ್ಲಿ. ಅಷ್ಟು ಹೊತ್ತಿಗೆ ರಂಪಣಿಯ ಕಥೆ ಮುಗಿದಾಗಿತ್ತು.

ಇದನ್ನು ಹಳೆಯದೆಲ್ಲ ಚಿನ್ನ ಅಂತ ಹೇಳೋಕೆ ಬರೀತಿಲ್ಲ. ಯಂತ್ರದ ಬೋಟ್ ಬಂದಿದ್ದರಿಂದ ಎಷ್ಟೋ ಮೀನುಗಾರ ಕುಟುಂಬಗಳ ಬದುಕು ಸುಧಾರಿಸಿದೆ, ಮಕ್ಕಳು ಓದಿದ್ದಾರೆ, ಕೆಲವರು ನಮ್ಮ ಕ್ಲಾಸಿನಲ್ಲೇ ಕೂತಿದ್ದಾರೆ. ನಾನು ಹೇಳೋದು ಬೇರೆ. ರಂಪಣಿ ಹೋದಾಗ ಒಂದು ಬಲೆ ಮಾತ್ರ ಹೋಗಲಿಲ್ಲ. ಊರು ಒಟ್ಟಿಗೆ ಕೂತು ಮೀನಿನ ಬಗ್ಗೆ ತೀರ್ಮಾನ ತಗೊಳ್ಳುವ ಕಾರಣವೇ ಹೋಯ್ತು. ಆ ಜಾಗಕ್ಕೆ ಇಲಾಖೆ ಬಂತು, ಲೈಸೆನ್ಸ್ ಬಂತು, ಡೀಸೆಲ್ ಸಬ್ಸಿಡಿ ಬಂತು. ಒಟ್ಟಿಗೆ ತೀರ್ಮಾನ ಮಾಡುವ ಕಟ್ಟೆ ಮಾತ್ರ ಮತ್ತೆ ಬರಲಿಲ್ಲ.

ಅಷ್ಟಮುಡಿಯ ಕಪ್ಪೆಚಿಪ್ಪು

ಆ ಕಟ್ಟೆಯನ್ನು ಮತ್ತೆ ಕಟ್ಟೋಕೆ ಆಗುತ್ತಾ? ಆಗುತ್ತೆ ಅನ್ನೋಕೆ ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಸಾಕ್ಷಿ.

ಅಷ್ಟಮುಡಿ ಹಿನ್ನೀರಿನಲ್ಲಿ ಒಂದು ಜಾತಿಯ ಕಪ್ಪೆಚಿಪ್ಪು ಸಿಗುತ್ತೆ. 1980ರ ದಶಕದಲ್ಲಿ ವಿಯೆಟ್ನಾಂ, ಥಾಯ್ಲೆಂಡ್ ಕಡೆಯಿಂದ ಅದಕ್ಕೆ ಬೇಡಿಕೆ ಬಂತು. 1991ರ ಹೊತ್ತಿಗೆ ವರ್ಷಕ್ಕೆ ಸುಮಾರು 10,000 ಟನ್ ತೆಗೆದರು. 1993ಕ್ಕೆ ಅದು ಅರ್ಧಕ್ಕೆ ಇಳಿಯಿತು. ಹೊಟ್ಟೆಗೆ ಹೊಡೆತ ಬಿದ್ದಾಗ ಜನ ಎಚ್ಚೆತ್ತರು. ಮೀನುಗಾರರು, ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಸರ್ಕಾರ ಸೇರಿ ಕೆಲವು ನಿಯಮ ಮಾಡಿಕೊಂಡರು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಅಂದ್ರೆ ಚಿಪ್ಪು ಮರಿ ಮಾಡುವ ಕಾಲದಲ್ಲಿ, ತೆಗೆಯೋದು ಬಂದ್. ಬಲೆಯ ಕಣ್ಣು 30 ಮಿ.ಮೀ. ಇರಬೇಕು. ರಫ್ತು ಮಾಡುವ ಮಾಂಸ ಒಂದು ಕಿಲೋಗೆ 1,400ಕ್ಕಿಂತ ಹೆಚ್ಚು ತೂಗಬಾರದು. ಹೆಚ್ಚು ತೂಗಿದರೆ ಚಿಕ್ಕ ಚಿಪ್ಪು ತೆಗೆದಿದ್ದೀರಿ ಅಂತ ಅರ್ಥ.

ಕೊನೆಯ ನಿಯಮದ ಜಾಣತನ ನೋಡಿ. ನೀರಿನೊಳಗೆ ಹೋಗಿ ಯಾರೂ ಅಳೀಬೇಕಿಲ್ಲ. ತಕ್ಕಡಿ ಇದ್ರೆ ಸಾಕು, ಯಾರು ಬೇಕಾದ್ರೂ ಎಣಿಸಬಹುದು. ಕಾಣದ ನಿಯಮವನ್ನು ಕಾಣುವ ಹಾಗೆ ಮಾಡಿದ್ದಾರೆ. ಹಿಡುವಳಿ ಚೇತರಿಸಿಕೊಂಡಿತು. 2014ರಲ್ಲಿ ಅಷ್ಟಮುಡಿಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದು ಸಿಕ್ಕ ಮೊದಲ ಮೀನುಗಾರಿಕೆ ಅದು.

ಇಲ್ಲಿಗೆ ಸುಖಾಂತ್ಯ ಅಂತ ಬರೆದು ನಿಲ್ಲಿಸೋ ಹಾಗಿಲ್ಲ. ಆಮೇಲೆ ಹೊರದೇಶದ ಒಂದು ಜಾತಿಯ ಮಸ್ಸೆಲ್ ಅಲ್ಲಿ ಹಬ್ಬಿ ಚಿಪ್ಪಿನ ಜಾಗ ಆಕ್ರಮಿಸಿದೆ. ಊರಿನ ನಿಯಮ ಎಲ್ಲ ಕಷ್ಟಕ್ಕೂ ಮದ್ದಲ್ಲ. ಆದರೆ ತಾವೇ ಹಾಳು ಮಾಡಿಕೊಳ್ಳೋದನ್ನು ತಾವೇ ನಿಲ್ಲಿಸಬಹುದು ಅನ್ನೋದನ್ನು ಅಷ್ಟಮುಡಿಯವರು ಮಾಡಿ ತೋರಿಸಿದರು.

ನಮ್ಮ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಗೆ ಬನ್ನಿ. ಅಣೆಕಟ್ಟು ಇಲ್ಲದೆ ಹರಿದು ಕಡಲು ಸೇರುವ ನದಿ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಸಾಲುಸಾಲಾಗಿ ಜನ ಕೆಸರಿಗೆ ಇಳಿದು ಬಳಚು ಆರಿಸ್ತಾರೆ, ಅವರಲ್ಲಿ ಹೆಂಗಸರು ಬಹಳ. ಅಲ್ಲೇ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ, ಕೊಯ್ಲು ಆದಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು. ಯಾವಾಗ ಬಾಗಿಲು ತೆರೀಬೇಕು, ಯಾವಾಗ ಮುಚ್ಚಬೇಕು ಅನ್ನೋದು ಒಬ್ಬರ ತೀರ್ಮಾನ ಆದರೆ ಎಲ್ಲರ ಗದ್ದೆ ಹಾಳು. ಹಾಗಾಗಿ ಒಟ್ಟಿಗೆ ತೀರ್ಮಾನ ಮಾಡೋದು ಅಲ್ಲಿನವರಿಗೆ ರೂಢಿ. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನೋ ಮಾನ್ಯತೆ ಬಂತು. ಸಂತೋಷ. ಆದರೆ ಆ ಬಳಚು ಆರಿಸುವ ಹೆಂಗಸಿಗೆ ಆ ಕೆಸರಿನ ಮೇಲೆ ಕಾನೂನಿನಲ್ಲಿ ಏನು ಹಕ್ಕಿದೆ? ನಾಳೆ ಮರಳು ತೆಗೆಯೋರು ಬಂದ್ರೆ ಬೇಡ ಅನ್ನೋ ಅಧಿಕಾರ ಅವಳಿಗಿದೆಯಾ? ಅಷ್ಟಮುಡಿಯಂಥ ಪ್ರಯೋಗ ನಮ್ಮಲ್ಲಿ ಶುರು ಮಾಡೋಕೆ ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಕಾಣೋದಿಲ್ಲ.

ಕಳ್ಳನ ಕೈಗೆ ಬೀಗದ ಕೈ?

ಈ ವಿಷಯ ಚರ್ಚೆ ಮಾಡುವಾಗ ಗೆಳೆಯರು ಎತ್ತಿದ ಆಕ್ಷೇಪಗಳು ಸರಿಯಾದವೇ.

ಮೊದಲ ಆಕ್ಷೇಪ: "ಅತಿಯಾಗಿ ಹಿಡೀತಿರೋರೇ ಮೀನುಗಾರರು. ಅವರ ಕೈಗೇ ಅಧಿಕಾರ ಕೊಟ್ಟರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಲ್ವಾ?" ಇಲ್ಲಿ ಮೀನುಗಾರರು ಅಂದ್ರೆ ಯಾರು ಅಂತ ಬಿಡಿಸಿ ನೋಡಬೇಕು. ಪರ್ಸೀನ್ ಬೋಟಿನ ಮಾಲೀಕ, ಟ್ರಾಲ್ ಬೋಟಿನಲ್ಲಿ ದಿನಗಟ್ಟಲೆ ಕಡಲಲ್ಲಿರುವ ಕೆಲಸದವನು, ನಾಡದೋಣಿಯವನು, ಬಳಚು ಆರಿಸುವವಳು, ಬುಟ್ಟಿ ಹೊತ್ತು ಮೀನು ಮಾರುವವಳು, ಇವರೆಲ್ಲರ ಹಿತ ಒಂದೇ ಅಲ್ಲ. ದುಡ್ಡಿದ್ದ ಮಾಲೀಕರೇ ಸಮಿತಿ ಹಿಡಿದುಕೊಂಡರೆ ಬೇಲಿಯೇ ಎದ್ದು ಹೊಲ ಮೇಯುತ್ತೆ, ಅದು ನಿಜ. ಹಳೆಯ ಸಭೆಗಳ ದೋಷವೂ ಇದೇ. ಅಲ್ಲಿ ಹಿರಿಯ ಗಂಡಸರದ್ದೇ ಮಾತು, ಹೆಂಗಸರಿಗೆ ಜಾಗ ಇರಲಿಲ್ಲ. ಪುಲಿಕಾಟ್‌ನ ಪಾಡಿನಲ್ಲೂ ಎಲ್ಲ ಜಾತಿಯವರಿಗೆ ಚೀಟಿ ಎತ್ತುವ ಹಕ್ಕಿಲ್ಲ. ಹಾಗಾಗಿ ಹಳೆಯದನ್ನು ಹಾಗೇ ತರೋದು ಬೇಡ. ಯಾರು ಕೂರಬೇಕು ಅನ್ನೋದನ್ನು ಕಾನೂನೇ ಬರೀಬೇಕು, ಹೆಂಗಸರಿಗೂ ಚಿಕ್ಕ ದೋಣಿಯವರಿಗೂ ಸ್ಥಾನ ಖಾತ್ರಿ ಇರಬೇಕು. ಗ್ರಾಮ ಪಂಚಾಯಿತಿಯಲ್ಲಿ ನಾವು ಮೀಸಲಾತಿ ಇಟ್ಟಿದ್ದೂ ಇದೇ ಕಾರಣಕ್ಕೆ ತಾನೇ?

ಎರಡನೇ ಆಕ್ಷೇಪ: "ಮೀನು ಈಜುತ್ತೆ. ಅದಕ್ಕೆ ಊರಿನ ಗಡಿ ಗೊತ್ತಾ?" ಒಳ್ಳೆಯ ಪ್ರಶ್ನೆ. ಬಳಚು ಓಡಿಹೋಗಲ್ಲ, ಬಂಗುಡೆ ಗೋವಾ-ಕೇರಳ ನೋಡಲ್ಲ. ಬೋಟ್‌ಗಳೂ ನೋಡಲ್ಲ. ಸಂವಿಧಾನದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದ್ರೆ ಸುಮಾರು 22 ಕಿ.ಮೀ.ವರೆಗಿನ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆ ಕೇಂದ್ರದ್ದು. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ವ್ಯವಸ್ಥೆ ಬೇಕು. ಓಡದ ಜೀವಿಗಳಿಗೆ ಊರಿನ ಸಮಿತಿ. ಊರಿಂದೂರಿಗೆ ಓಡುವ ಮೀನಿಗೆ ಜಿಲ್ಲೆಯ, ರಾಜ್ಯದ ಸಮಿತಿ, ಅದರಲ್ಲಿ ಊರಿನ ಪ್ರತಿನಿಧಿಗಳು. ಕೇರಳ 2017ರ ತಿದ್ದುಪಡಿಯಲ್ಲಿ ಹೀಗೆ ಹಳ್ಳಿ, ಜಿಲ್ಲೆ, ರಾಜ್ಯ ಅಂತ ಮೂರು ಹಂತದ ಮಂಡಳಿಗಳಿಗೆ ಕಾನೂನಿನಲ್ಲಿ ಜಾಗ ಕೊಟ್ಟಿದೆ. ಅದೇ ವರ್ಷದ ರಾಷ್ಟ್ರೀಯ ಸಾಗರ ಮೀನುಗಾರಿಕಾ ನೀತಿಯೂ ಸಮುದಾಯದ ಜೊತೆಗೂಡಿ ನಿರ್ವಹಿಸೋ ಮಾತಾಡುತ್ತೆ. ನಾವು ಅದನ್ನು ಮೂರು ಕರಾವಳಿ ಜಿಲ್ಲೆಗಳಲ್ಲಿ ಜೀವಂತ ಮಾಡಬೇಕು, ಅಷ್ಟೇ.

ಮೂರನೇ ಆಕ್ಷೇಪ: "ಮೀನು ಕಡಿಮೆಯಾಗೋಕೆ ಹವಾಮಾನ ಕಾರಣ, ಊರಿನವರು ಏನು ಮಾಡೋಕಾಗುತ್ತೆ?" ಬೂತಾಯಿಯ ಲೆಕ್ಕ ನೋಡಿದ್ರೆ ಈ ಮಾತಲ್ಲಿ ಸತ್ಯ ಇದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ ಆಸುಪಾಸು. ಮರುವರ್ಷ ಮತ್ತೆ 1 ಲಕ್ಷ ಟನ್ ದಾಟಿತು. ಬಲೆ ಒಂದರಿಂದಲೇ ಇಷ್ಟು ಏರಿಳಿತ ಆಗಲ್ಲ, ಎಲ್ ನಿನೋದಂಥ ಕಡಲಿನ ಬದಲಾವಣೆಗಳ ಪಾಲು ದೊಡ್ಡದು. ಆದರೆ ಯೋಚನೆ ಮಾಡಿ. ಬರಗಾಲ ಬರುತ್ತೆ ಅಂತ ಗೊತ್ತಿದ್ದೋನು ಬಿತ್ತನೆ ಬೀಜ ತಿಂದುಬಿಡ್ತಾನಾ? ಕಡಲು ಕೈಕೊಡುವ ವರ್ಷದಲ್ಲೇ ಮರಿಗಳನ್ನು ಉಳಿಸೋದು ಹೆಚ್ಚು ಮುಖ್ಯ. ಕೇರಳ 2015ರಲ್ಲಿ 14 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಅಳತೆ ಗೊತ್ತುಮಾಡಿತು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಇದೂ ಅಷ್ಟಮುಡಿಯ ತಕ್ಕಡಿಯಂಥ ನಿಯಮ. ಒಂದು ಸ್ಕೇಲ್ ಇದ್ರೆ ಧಕ್ಕೆಯಲ್ಲಿ ನಿಂತು ಯಾರು ಬೇಕಾದ್ರೂ ನೋಡಬಹುದು.

ಹಾಗಾದ್ರೆ ಏನು ಮಾಡಬೇಕು?

ನನ್ನ ಪ್ರಕಾರ ಮೊದಲು ಚಿಕ್ಕದಾಗಿ, ಓಡಿಹೋಗದ ಜೀವಿಗಳಿಂದ ಶುರು ಮಾಡಬೇಕು. ಒಂದೆರಡು ಅಳಿವೆಗಳಲ್ಲಿ ಬಳಚು, ಚಿಪ್ಪಿಕಲ್ಲು ಆರಿಸುವವರ ಸಮಿತಿಗೆ ಕಾನೂನಿನ ಮಾನ್ಯತೆ ಕೊಡಿ. ಯಾವ ತಿಂಗಳು ಬಿಡುವು, ಎಷ್ಟು ದೊಡ್ಡದನ್ನು ತೆಗೀಬಹುದು, ಹೊರಗಿನವರು ಬಂದ್ರೆ ಏನು ಅನ್ನೋದನ್ನು ಅವರು ತೀರ್ಮಾನಿಸಲಿ. ವಿಜ್ಞಾನಿಗಳು ಮಾಹಿತಿ ಕೊಡಲಿ. ಇಲಾಖೆ ಆ ತೀರ್ಮಾನದ ಬೆನ್ನಿಗೆ ನಿಲ್ಲಲಿ. ದಂಡದ ಹಣದಲ್ಲಿ ಒಂದು ಪಾಲು ಕಾವಲಿಗೆ ಹೋಗಲಿ.

ಎರಡನೆಯದಾಗಿ, ದಡದ ಹತ್ತಿರದ, ನಾಡದೋಣಿಗಳ ನೀರಿನಲ್ಲಿ ಕಾವಲು ಕಾಯುವ ಅಧಿಕಾರವನ್ನು ನಾಡದೋಣಿಯವರ ಜೊತೆ ಹಂಚಿಕೊಳ್ಳಬೇಕು. ಲೈಟ್ ಹಾಕಿದ ಬೋಟ್ ರಾತ್ರಿ ಯಾರಿಗೆ ಮೊದಲು ಕಾಣುತ್ತೆ? ಆಫೀಸಿಗಲ್ಲ, ಅವರಿಗೆ. ಅವರು ಕೊಟ್ಟ ದೂರಿಗೆ ಇಷ್ಟು ದಿನದೊಳಗೆ ಉತ್ತರ ಕೊಡಲೇಬೇಕು ಅನ್ನೋ ನಿಯಮ ಇರಲಿ. ದೂರು ಕೊಟ್ಟು ಏನೂ ಆಗದಿದ್ದಾಗಲೇ ಜನ ಕಡಲಲ್ಲಿ ಕೈಕೈ ಮಿಲಾಯಿಸೋದು.

ಮೂರನೆಯದಾಗಿ, ಲೆಕ್ಕ ಬಯಲಲ್ಲಿರಲಿ. ಯಾವ ಬಂದರಿಗೆ ಎಷ್ಟು ಮೀನು ಬಂತು, ಅದರಲ್ಲಿ ಮರಿ ಎಷ್ಟು, ತಿನ್ನೋಕೆ ಹೋಗಿದ್ದೆಷ್ಟು, ಫಿಶ್‌ಮೀಲ್ ಕಾರ್ಖಾನೆಗೆ ಹೋಗಿದ್ದೆಷ್ಟು ಅನ್ನೋದು ಕನ್ನಡದಲ್ಲಿ, ಅದೇ ಬಂದರಿನ ಬೋರ್ಡಿನ ಮೇಲೆ ಕಾಣಬೇಕು. ವರದಿಯ ಪಿಡಿಎಫ್ ಇಂಗ್ಲಿಷಿನಲ್ಲಿ ಎಲ್ಲೋ ಇದ್ದರೆ ಗಂಗೊಳ್ಳಿಯ ದೋಣಿಯವನಿಗೆ ಅದು ಇದ್ದೂ ಇಲ್ಲದ ಹಾಗೆ.

ನಾವು, ಅಂದ್ರೆ ಎಂಜಿನಿಯರ್‌ಗಳು

ಈಗ ನಮ್ಮ ಕಡೆಗೆ ಬರೋಣ. ನೈಲಾನ್ ಬಲೆ, ಡೀಸೆಲ್ ಎಂಜಿನ್, ಎಕೋ ಸೌಂಡರ್, ಜಿಪಿಎಸ್, ಎಲ್‌ಇಡಿ ದೀಪ, ಇವೆಲ್ಲ ಎಂಜಿನಿಯರ್‌ಗಳ ಕೊಡುಗೆ. ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಕಡಲ ಮೇಲ್ಮೈಯ ಉಷ್ಣತೆ, ಕ್ಲೋರೋಫಿಲ್ ನೋಡಿ ಮೀನು ಎಲ್ಲಿ ಸಿಗಬಹುದು ಅಂತ ಮುನ್ಸೂಚನೆ ಕೊಡುತ್ತೆ. ಇದರಿಂದ ಡೀಸೆಲ್ ಉಳಿಯುತ್ತೆ, ಸುತ್ತಾಟ ತಪ್ಪುತ್ತೆ, ನಿಜಕ್ಕೂ ಉಪಕಾರ. ಆದರೆ ಹ್ಯಾಕಥಾನ್‌ಗಳಲ್ಲಿ ಕಡಲಿನ ವಿಷಯ ಬಂದಾಗಲೆಲ್ಲ ನಾವು ಮಾಡೋದು ಬಹುತೇಕ ಒಂದೇ: ಮೀನು ಇನ್ನೂ ಬೇಗ, ಇನ್ನೂ ಸುಲಭವಾಗಿ ಹುಡುಕುವ ಆ್ಯಪ್.

ನಾನು ಕುಂದಾಪುರದ ಕಡೆಯವನು. ಇಂಥ ಒಂದು ಪ್ರಾಜೆಕ್ಟಿನ ಬಗ್ಗೆ ಊರಲ್ಲಿ ಮಾವನಿಗೆ ಹೇಳಿದಾಗ ಅವರು ಅಂದಿದ್ದು ಇಷ್ಟೇ: "ಮೀನ್ ಎಲ್ಲಿತ್ತ್ ಅಂದೇಳಿ ಎಲ್ಲರಿಗೂ ಗೊತ್ತಾರೆ, ಕಡಿಗೆ ಮೀನ್ ಎಲ್ ಉಳೀತ್ ಮಾರಾಯ?" ಹಿಡಿಯುವ ವೇಗ ಮಾತ್ರ ಹೆಚ್ಚಿಸಿ, ನಿಲ್ಲಿಸುವ ವ್ಯವಸ್ಥೆ ಕಟ್ಟದಿದ್ದರೆ ಏನಾಗುತ್ತೆ ಅನ್ನೋದು ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದಿದ್ದೇ. ಫೀಡ್‌ಬ್ಯಾಕ್ ತಡವಾಗಿ ಬಂದರೆ ಸಿಸ್ಟಮ್ ಹತೋಟಿ ತಪ್ಪುತ್ತೆ. ಮೀನು ಕಡಿಮೆಯಾಗಿದ್ದು ವರದಿಯಾಗಿ, ಕಡತವಾಗಿ, ಆದೇಶವಾಗಿ ವಾಪಸ್ ಬರೋಕೆ ವರ್ಷಗಳು ಬೇಕು. ಅದೇ ದೋಣಿಯವನಿಗೆ ಅವತ್ತು ಸಂಜೆಯೇ ಗೊತ್ತಾಗಿರುತ್ತೆ. ಆ ಗೊತ್ತಾಗಿದ್ದನ್ನು ತೀರ್ಮಾನಕ್ಕೆ ಜೋಡಿಸುವ ತಂತಿ ಇಲ್ಲ. ಸಮುದಾಯದ ಕೈಗೆ ಅಧಿಕಾರ ಕೊಡೋದು ಅಂದ್ರೆ ಆ ತಂತಿ ಎಳೆಯೋದು.

ಅದಕ್ಕೆ ನಾವು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಫೋನಿನಲ್ಲಿ ಫೋಟೋ ತೆಗೆದರೆ ಬುಟ್ಟಿಯಲ್ಲಿ ಮರಿಮೀನು ಎಷ್ಟಿದೆ ಅಂತ ಅಂದಾಜು ಹೇಳುವ ಸಾಧನ. ಬಲೆಯ ಕಣ್ಣು ಅಳೆಯುವ, ಹತ್ತಾರು ರೂಪಾಯಿಗೆ ಮಾಡಬಹುದಾದ ಗೇಜು. ಅಳಿವೆಯ ಉಪ್ಪಿನಂಶ, ಉಷ್ಣತೆ ನೋಡಿ ಬಳಚು ಆರಿಸುವವರಿಗೆ ಎಸ್‌ಎಂಎಸ್ ಕಳಿಸುವ ಸೆನ್ಸರ್. ಚೀಟಿ ಎತ್ತಿ ಸರದಿ ಹಾಕುವ ಪುಟ್ಟ ಪ್ರೋಗ್ರಾಂ. ಯಾವುದೂ ರಾಕೆಟ್ ಸೈನ್ಸ್ ಅಲ್ಲ. ಆದರೆ ಒಂದು ಷರತ್ತು: ಆ ಮಾಹಿತಿ ಮೊದಲು ಊರಿನ ಸಮಿತಿಗೆ ಸೇರಬೇಕು, ಅದು ಅವರ ಆಸ್ತಿ. ನಾವು ಲೆಕ್ಕ ಹಾಕಿಕೊಡೋರು, ತೀರ್ಮಾನ ಅವರದ್ದು.

ಈ ವರ್ಷ ಫೈನಲ್ ಇಯರ್ ಪ್ರಾಜೆಕ್ಟಿಗೆ ಕಡಲಿನ ವಿಷಯ ತಗೊಳ್ಳೋರು ಯಾರಾದರೂ ಇದ್ದರೆ ಒಂದು ವಿನಂತಿ. ಕೋಡ್ ಬರೆಯೋಕೆ ಮುಂಚೆ ಒಂದು ವಾರ ಮಲ್ಪೆಗೋ, ಗಂಗೊಳ್ಳಿಗೋ, ಅಘನಾಶಿನಿಗೋ ಹೋಗಿ. ಬೋಟ್ ಮಾಲೀಕರನ್ನು ಮಾತ್ರ ಮಾತಾಡಿಸಿ ವಾಪಸ್ ಬರಬೇಡಿ. ಮೀನು ಮಾರುವ ಅಕ್ಕಂದಿರನ್ನು, ನಾಡದೋಣಿಯವರನ್ನು, ಬಳಚು ಆರಿಸುವವರನ್ನು ಕೇಳಿ: "ನಿಮಗೆ ಒಂದು ನಿಯಮ ಮಾಡೋ ಅಧಿಕಾರ ಸಿಕ್ಕರೆ ಯಾವ ನಿಯಮ ಮಾಡ್ತೀರಿ?" ಅವರ ಉತ್ತರವೇ ನಿಮ್ಮ ಪ್ರಾಬ್ಲಮ್ ಸ್ಟೇಟ್‌ಮೆಂಟ್.